ಮೊದಲ ಗುಟುಕು

ಬೀಗದಮ್ಮನಿಗೆ ಆ ಹೆಸರು ಪುಕ್ಕಟೆಯಾಗಿ ಬಂದದ್ದಲ್ಲ. ಸಕ್ಕರೆ ಡಬ್ಬಕ್ಕೆ ಬೀಗ, ಬಟ್ಟೆ ಪೆಟ್ಟಿಗೆಗೆ ಬೀಗ, ಹಿತ್ತಿಲ ಸೌದೆ ಗೂಡಿಗೆ ಎಲ್ಲಕ್ಕಿಂತ ದೊಡ್ಡ ಬೀಗ. ಹಾಕಿದ ಮೇಲೆ ನಾಲ್ಕು ಹೆಜ್ಜೆ ಹೋಗಿ, ಮನಸ್ಸು ತಡೆಯದೆ ವಾಪಸು ಬಂದು, ಒಮ್ಮೆ ಜಗ್ಗಿ ನೋಡಿದರೇನೇ ಸಮಾಧಾನ. ಅವಳ ಸೊಂಟದ ಕೀಲಿಕೈ ಗೊಂಚಲಿನ ಸದ್ದು ಕೇಳಿದರೆ ಬೀದಿಯ ಮಕ್ಕಳು ಚೆಂಡನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದವು. ಹೆಸರಿಟ್ಟದ್ದೂ ಅವೇ. ಮನೆಯವರು ಅವಳ ಕಿವಿಗೆ ಬೀಳದಂತೆ ಅದೇ ಹೆಸರು ಹಿಡಿದು ಮಾತಾಡುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು.

ಆ ಚಳಿಗಾಲದಲ್ಲಿ ಮಾತ್ರ ಸೌದೆ ಗೂಡಿನಲ್ಲಿ ಬೀಗ ಹಾಕಿ ಕಾಯುವಂಥದ್ದು ಏನೂ ಉಳಿದಿರಲಿಲ್ಲ. ಅವಳ ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸದವನಾಗಿದ್ದ. ಅವನು ಇರುವಷ್ಟು ದಿನ ತುಂಡು ಸೌದೆ ಮನೆಗೆ ತಾನಾಗಿ ಬರುತ್ತಿತ್ತು. ಅವನು ಹೋದ ಮೇಲೂ ಹಳೇ ವಿಶ್ವಾಸಕ್ಕೆ ಮಿಲ್ಲಿನವರು ವರ್ಷಕ್ಕೊಂದು ಗಾಡಿ ಕಳಿಸುತ್ತಿದ್ದರು. ಈಗ ಮಿಲ್ಲೇ ಮುಚ್ಚಿ ಅಲ್ಲೊಂದು ಸೋಫಾ ಅಂಗಡಿ ಎದ್ದಿತ್ತು.

ಮನೆಯಲ್ಲಿ ಬೆಂಕಿಗೂಡು ಇದ್ದದ್ದು ಬೀಗದಮ್ಮನ ಕೋಣೆಯಲ್ಲಿ. ಇಟ್ಟಿಗೆಯ ಗೂಡು, ಮೇಲೆ ಗೋಡೆಯೊಳಗೇ ಹೋಗುವ ಹೊಗೆ ಕೊಳವೆ, ಕೊಳವೆಯ ಕತ್ತಿನಲ್ಲಿ ಒಂದು ಕಬ್ಬಿಣದ ತಗಡು. ತಗಡಿನ ಹಿಡಿಯನ್ನು ಹೊರಗೆಳೆದರೆ ಹೊಗೆಗೆ ದಾರಿ, ಒಳಗೆ ತಳ್ಳಿದರೆ ದಾರಿ ಬಂದ್. ಚಳಿಗಾಲ ಬಂತೆಂದರೆ ಇಡೀ ಮನೆ ಆ ಕೋಣೆಗೆ ಬರುತ್ತಿತ್ತು. ಊಟ ಅಲ್ಲಿ, ಮೊಮ್ಮಗಳ ಹೋಮ್‌ವರ್ಕ್ ಅಲ್ಲಿ, ಜಗಳವೂ ಅಲ್ಲಿಯೇ.

"ಅಮ್ಮ, ಸೌದೆ ಅಂಗಡೀಲಿ ಒಣಗಿದ್ದು ಒಂದು ತುಂಡೂ ಇಲ್ಲ," ಎಂದ ಮಗ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗದ ಕೈ. "ತಂದಿದ್ದನ್ನ ನೀನೇ ನೋಡಿದ್ಯಲ್ಲ."

ನೋಡಿದ್ದಳು. ಎರಡು ತುಂಡು ಕೈಗೆತ್ತಿಕೊಂಡು ಒಂದಕ್ಕೊಂದು ಬಡಿದು ಕಿವಿಗೊಟ್ಟಿದ್ದಳು. ಒಣಸೌದೆ ಆದರೆ ಠಣ್ ಎನ್ನಬೇಕು. ಇದು ಧಬ್ ಎಂದಿತ್ತು. ಒಲೆಗಿಟ್ಟರೆ ತುದಿಯಲ್ಲಿ ನೊರೆ ಉಕ್ಕಿಸಿಕೊಂಡು ಸುಯ್ಯೆಂದು ಅಳುತ್ತಿತ್ತು.

"ನಿಮ್ಮಪ್ಪ ಇದ್ದಿದ್ರೆ ಇಂಥ ಸೌದೆ ಹೊಸಿಲು ದಾಟ್ತಿರ್ಲಿಲ್ಲ."

"ಅಪ್ಪ ಇದ್ದಾಗ ಮಿಲ್ಲೂ ಇತ್ತಲ್ಲಮ್ಮ."

ಸೊಸೆ ಎಲ್ಲರ ತಟ್ಟೆಗೂ ಆಲೂಗಡ್ಡೆ ಬಡಿಸುತ್ತ, "ನಾನೊಂದು ಕಡೆ ವಿಚಾರಿಸ್ಲಾ?" ಎಂದಳು. ಪೇಟೆಯ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಮಾತ್ರೆ ಎಣಿಸಿ ಕೊಡುವ ಕೆಲಸ ಅವಳದ್ದು. ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ಬೀಗದಮ್ಮನಿಗೆ ಮೊದಲಿನಿಂದಲೂ ಒಂದು ಕಣ್ಣು. ಬಾಯಿಗೆ ಬೀಗ ಹಾಕಿಕೊಂಡವರು ಒಳಗೆ ಏನೋ ಇಟ್ಟಿರಲೇಬೇಕು. ತಾನಾದರೂ ಹಾಗೆಯೇ ಅಲ್ಲವೇ ಬೀಗ ಹಾಕುವುದು?

ಸೊಸೆ ತರಿಸಿದ್ದು ಮರದ ಪುಡಿಯನ್ನು ಒತ್ತಿ ಮಾಡಿದ ಇಟ್ಟಿಗೆಗಳು. ನೋಡಲು ಬಿಸ್ಕತ್ತಿನ ಹಾಗೆ ಚೆಂದ. ಮೊದಲ ದಿನ ಚೆನ್ನಾಗಿಯೇ ಉರಿದವು. ಸೌದೆ ಗೂಡಿನ ಕೀಲಿ ಕೊಡಲು ಬೀಗದಮ್ಮ ತಡಮಾಡಿದ್ದರಿಂದ ಉಳಿದವನ್ನು ಸೊಸೆ ಬಚ್ಚಲ ಪಕ್ಕ ಪೇರಿಸಿದಳು. ಬೆಳಗ್ಗೆ ನೋಡಿದರೆ ನೀರು ಹೀರಿ, ಉಬ್ಬಿ, ಗಂಜಿಯಾಗಿ ಕೂತಿದ್ದವು. ಮೊಮ್ಮಗಳು ಅದರಲ್ಲಿ ಬೆರಳಾಡಿಸಿ, "ಅಜ್ಜಿ, ನಿನ್ನ ಬೆಂಕಿಗೂಡಿಗೆ ತಿಂಡಿ ರೆಡಿ," ಎಂದಿತು. ಅದರ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಚಿನಕುರಳಿ ಎಂದೇ ಅದರ ಹೆಸರು.

ಆಮೇಲೆ ಇದ್ದಿಲು ತಂದರು. ಸೊಗಸಾಗಿ ಕೆಂಪಾಗಿ, ಊಟ ಮುಗಿಯುವಷ್ಟರಲ್ಲಿ ಬೂದಿಯಾಯಿತು. ಒಂದು ಮೂಟೆ ಒಂದು ವಾರ ಬರಲಿಲ್ಲ. ಕೊನೆಗೆ ಮಗ ಡಿಪೋದ ಗೆಳೆಯನ ವ್ಯಾನಿನಲ್ಲಿ ಕಲ್ಲಿದ್ದಲು ಹೇರಿಕೊಂಡು ಬಂದ.

"ಇದು ನೋಡಮ್ಮ. ಸಾಯಂಕಾಲ ಹಾಕಿದ್ರೆ ಬೆಳಗಿನ ತನಕ ಕಾವು ಇರತ್ತೆ. ಮತ್ತೆ ಮತ್ತೆ ಎದ್ದು ಒಟ್ಟೋ ಹಾಗಿಲ್ಲ."

ಬೀಗದಮ್ಮ ಒಂದು ಹೆಂಟೆ ಎತ್ತಿ ಮೂಸಿದಳು. "ಕಲ್ಲು ಉರಿಯೋದುಂಟೇನೋ?"

ಉರಿಯಿತು. ಕೋಣೆ ಹಿಂದೆಂದೂ ಆಗದಷ್ಟು ಬೆಚ್ಚಗಾಯಿತು. ಅದು ಅವಳಿಗೆ ಇನ್ನಷ್ಟು ಅನುಮಾನ ತಂದಿತು. ಇಷ್ಟು ಒಳ್ಳೆಯದು ಇಷ್ಟು ಅಗ್ಗಕ್ಕೆ ಯಾರು ಕೊಡುತ್ತಾರೆ?

ಮಾರನೆಯ ದಿನ ಸೊಸೆ ಕೆಲಸಕ್ಕೆ ಹೊರಟವಳು ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು: "ಅತ್ತೆ, ಕಲ್ಲಿದ್ದಲು ಮಾರೋನು ಇವರ ಹತ್ರ ಹೇಳಿ ಕಳ್ಸಿದಾನೆ. ಇದಕ್ಕೆ ತಗಡು ಮುಚ್ಚಬಾರದಂತೆ. ಕಿಟಕೀನೂ ಒಂದು ಬೆರಳಷ್ಟು ತೆಗೆದಿಡಬೇಕಂತೆ. ಮೇಲೆ ಬೂದಿ ಬಂದ್ರೂ ಒಳಗೆ ಉರೀತಾನೇ ಇರತ್ತಂತೆ. ಅದರ ಗಾಳಿ ಕೆಟ್ಟದ್ದು."

"ಕಿಟಕಿ ತೆಗೀಬೇಕಾ? ಈ ಚಳೀಲಿ?"

"ಒಂದು ಬೆರಳಷ್ಟು."

ಸೊಸೆ ಹೋದ ಮೇಲೆ ಬೀಗದಮ್ಮ ಕೂತು ಲೆಕ್ಕ ಹಾಕಿದಳು. ಮಾರುವವನು ಹೇಳಿದ್ದರೆ ಮಗ ತಾನೇ ಬಂದು ಹೇಳುತ್ತಿರಲಿಲ್ಲವೇ? ಹೆಂಡತಿಯ ಬಾಯಲ್ಲಿ ಏಕೆ ಹೇಳಿಸಬೇಕು? ಕಾವೆಲ್ಲ ಕೊಳವೆಯಲ್ಲಿ ಆಕಾಶಕ್ಕೆ ಹೋಗಬೇಕು, ಕಿಟಕಿಯಿಂದ ಚಳಿ ಒಳಗೆ ಬರಬೇಕು, ಮುದುಕಿ ಮರಗಟ್ಟಬೇಕು. ಆಮೇಲೆ ಈ ಕೋಣೆ ಯಾರದ್ದು? ಹಗಲಿನ ಬಿಸಿಲು ಬೀಳುವ ಕೋಣೆ ಮನೆಯಲ್ಲಿ ಇದೊಂದೇ.

ನಿಜ ಹೇಳಬೇಕೆಂದರೆ ಮಗನಿಗೆ ಅಂದು ಬೆಳಗಿನ ಪಾಳಿಯಿತ್ತು. ಅಮ್ಮ ಏಳುವ ಮೊದಲೇ ಹೊರಡುವ ಗಡಿಬಿಡಿಯಲ್ಲಿ ಹೆಂಡತಿಗೆ ಹೇಳಿ ಹೋಗಿದ್ದ. ಸಾಯಂಕಾಲ ಬಂದವನು ಮರೆಯದೆ ಕೇಳಿದ ಕೂಡ.

"ತಗಡಿನ ವಿಷಯ ಹೇಳಿದಾಳಲ್ಲಮ್ಮ?"

"ಹೇಳಿದಾಳೆ," ಎಂದಳು ಬೀಗದಮ್ಮ. ಹೇಳಿದ್ದು ಸುಳ್ಳೇನೂ ಅಲ್ಲವಲ್ಲ.

ಅವಳಿಗೆ ಅವಳದೇ ಪದ್ಧತಿ ಇತ್ತು. ಗಂಡ ಕಲಿಸಿದ್ದು. ಸೌದೆಯ ಉರಿ ಅಡಗಿ, ಕೆಂಡ ಬೂದಿಯಾಗಿ ಮುಚ್ಚಿಕೊಂಡು, ಒಂದು ಕಿಡಿಯೂ ಕಾಣದಂತಾದ ಮೇಲೆ ತಗಡನ್ನು ಒಳಗೆ ತಳ್ಳಬೇಕು. ಇಟ್ಟಿಗೆ ಹಿಡಿದಿಟ್ಟ ಕಾವು ಆಗ ಕೋಣೆಯಲ್ಲೇ ಉಳಿಯುತ್ತದೆ. "ಕಾವಿಗೂ ಬೀಗ ಹಾಕೋಕೆ ಕಲಿ ಮಾರಾಯ್ತಿ," ಎಂದು ಅವನು ನಗುತ್ತಿದ್ದ. ಮನೆಯಲ್ಲಿ ಅವಳು ಹಾಕಿದ ಮೊದಲ ಬೀಗ ಅದು. ಅದನ್ನು ನಿನ್ನೆ ಮೊನ್ನೆ ಬಂದವಳ ಮಾತಿಗೆ ಬಿಡುವುದುಂಟೇ? ದಿನಾ ಮಲಗುವ ಮುಂಚೆ ಕಲ್ಲಿದ್ದಲಿನ ಮೇಲೆ ಬೂದಿ ಬಂತೋ ಇಲ್ಲವೋ ಎಂದು ನೋಡಿ, ಬಾಗಿಲಿನ ಕಡೆ ಕಿವಿಯಿಟ್ಟು, ಸದ್ದಾಗದಂತೆ ತಗಡು ತಳ್ಳುತ್ತಿದ್ದಳು. ಕಿಟಕಿಯ ಸಂದಿಗೆ ಹಳೇ ಸೀರೆಯ ಚೂರು ತುರುಕುತ್ತಿದ್ದಳು. ಬೆಳಗ್ಗೆ ಯಾರೂ ಏಳುವ ಮುಂಚೆ ಎಲ್ಲ ಮೊದಲಿನಂತೆ.

ತಲೆನೋವು ಶುರುವಾದದ್ದು ಆ ವಾರವೇ.

ಎದ್ದರೆ ತಲೆಗೆ ಬಿಗಿಯಾಗಿ ಹಗ್ಗ ಸುತ್ತಿದ ಹಾಗೆ. ಹೊಟ್ಟೆ ತೊಳೆಸುವುದು, ಕಾಲು ತಡವರಿಸುವುದು. ಬ್ರೆಡ್ಡು ತರಲು ಬೀದಿಯ ಕೊನೆಯ ತನಕ ಹೋಗಿ ಬರುವಷ್ಟರಲ್ಲಿ ಎಲ್ಲ ತಿಳಿಯಾಗುತ್ತಿತ್ತು. ಮಾರನೆಯ ಬೆಳಗ್ಗೆ ಮತ್ತೆ ಅದೇ.

ಈ ಚಳಿಗಾಲ ಹೊಸದಾಗಿ ಶುರುವಾದದ್ದು ಇನ್ನೊಂದಿತ್ತು. ಊಟವಾದ ಮೇಲೆ ಸೊಸೆ ಅತ್ತೆಗೆಂದು ಒಂದು ಲೋಟ ಬಿಸಿ ಹಾಲು ತಂದು ಕೊಡುತ್ತಿದ್ದಳು. "ತುಂಬ ಸೊರಗಿದೀರ ಅತ್ತೆ, ಕುಡೀರಿ," ಎಂದು. ಇಷ್ಟು ವರ್ಷ ಇಲ್ಲದ ಅಕ್ಕರೆ ಈಗೆಲ್ಲಿಂದ ಉಕ್ಕಿತು? ಹಗಲೆಲ್ಲ ಮಾತ್ರೆಗಳ ನಡುವೆ ಇರುವ ಕೈ. ಒಂದು ಚೂರು ಪುಡಿ ಬೆರೆಸಿದರೆ ಹಾಲಿನ ಬಣ್ಣ ಬದಲಾಗುತ್ತದೆಯೇ?

ಅನುಮಾನ ಪರೀಕ್ಷಿಸದೆ ಬಿಡುವ ಹೆಂಗಸಲ್ಲ ಅವಳು. ಒಂದು ಸಂಜೆ ಹಾಲನ್ನು ತಟ್ಟೆಗೆ ಸುರಿದು ಬೆಕ್ಕಿನ ಮುಂದಿಟ್ಟಳು. ಬೂದು ಬಣ್ಣದ ಸೋಮಾರಿ ಬೆಕ್ಕು. ಚಳಿಗಾಲವಿಡೀ ಬೆಂಕಿಗೂಡಿನ ಬಾಯಿಯಲ್ಲೇ ಅದರ ವಾಸ. ತಟ್ಟೆ ನೆಕ್ಕಿ ಅಲ್ಲೇ ಉರುಳಿಕೊಂಡಿತು. ಬೆಳಗ್ಗೆ ಬಾಲ ಜಗ್ಗಿದರೂ ಏಳಲಿಲ್ಲ. ಎತ್ತಿ ಹಿತ್ತಿಲಿಗೆ ಹಾಕಿದರೆ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು.

ಅಂದರೆ ನಿಜ!

ಮಗಳ ಮನೆ ಎರಡು ಬೀದಿಯ ಆಚೆ. ಹೋಗಿ ಎಲ್ಲ ಹೇಳಿದಳು. ಮಗಳಿಗೆ ಅತ್ತಿಗೆಯನ್ನು ಕಂಡರೆ ಮೊದಲೇ ಅಷ್ಟಕ್ಕಷ್ಟೆ.

"ಅಯ್ಯೋ ಅಮ್ಮ! ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ದೆ ನೀನು. ಔಷಧಿ ಅಂಗಡಿಯೋಳಿಗೆ ಯಾವ ಮಾತ್ರೆ ಎಷ್ಟು ಅಂತ ಗೊತ್ತಿರಲ್ವಾ? ಎರಡು ದಿನ ಇಲ್ಲೇ ಇರು. ನೋಡೇಬಿಡೋಣ."

ಇದ್ದಳು. ಮಗಳ ಮನೆಯಲ್ಲಿ ಕರೆಂಟಿನ ಹೀಟರು. ಎರಡೂ ಬೆಳಗ್ಗೆ ತಲೆ ಹೂವಿನಷ್ಟು ಹಗುರವಾಗಿತ್ತು.

"ನೋಡಿದ್ಯಾ?" ಎಂದಳು ಮಗಳು, ಗೆದ್ದವಳ ಹಾಗೆ.

ಮೂರನೆಯ ದಿನ ಅಳಿಯ ಕರೆಂಟಿನ ಮೀಟರು ನೋಡಿ ಗಂಟಲು ಸರಿಪಡಿಸಿಕೊಂಡ. ಬೀಗದಮ್ಮನಿಗೂ ತನ್ನ ಬೀಗಗಳ ಯೋಚನೆ. ಮನೆಗೆ ಬಂದಳು. ಬಂದ ಮಾರನೆಯ ಬೆಳಗ್ಗೆ ಮತ್ತೆ ತಲೆಗೆ ಹಗ್ಗ.

ಅಂದು ರಾತ್ರಿ ಊಟಕ್ಕೆ ಮೊಟ್ಟೆ, ಬ್ರೆಡ್ಡು. ಸೊಸೆ ಎಂದಿನಂತೆ ಹಾಲು ತಂದಳು.

"ಅದನ್ನ ನೀನೇ ಕುಡಿ," ಎಂದಳು ಬೀಗದಮ್ಮ.

"ನಂಗೆ ಬೇಡ ಅತ್ತೆ. ನಿಮಗೇ ತಂದಿದ್ದು."

"ಯಾಕೆ ಬೇಡ? ಅದರಲ್ಲೇನು ಹಾಕಿದೀಯ ಅಂತ ಭಯಾನಾ?"

ಮಗ ಬ್ರೆಡ್ಡು ಕೆಳಗಿಟ್ಟ. "ಅಮ್ಮ! ಏನ್ ಮಾತಾಡ್ತಿದೀಯ?"

"ಬೆಕ್ಕನ್ನ ಕೇಳು. ನಿನ್ನ ತಂಗೀನ ಕೇಳು. ಅಲ್ಲಿದ್ದಷ್ಟು ದಿನ ತಲೆನೋವಿಲ್ಲ, ಇಲ್ಲಿಗೆ ಬಂದ ಕೂಡ್ಲೆ ಯಾಕೆ ಬರತ್ತೆ? ನಾನೇನು ಕಥೆ ಕಟ್ಟಿ ಹೇಳ್ತಿದೀನಾ?"

ಸೊಸೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಲೋಟ ಹಿಡಿದ ಕೈ ಮಾತ್ರ ನಡುಗಲಿಲ್ಲ. ಮಾತ್ರೆ ಎಣಿಸುವ ಕೈ ಅದು. "ಡಾಕ್ಟರ್ ಹತ್ರ ಹೋಗೋಣ ಬನ್ನಿ ಅತ್ತೆ," ಎಂದಳು.

"ನಿನ್ನ ಗುರುತಿನ ಡಾಕ್ಟರಾ?"

ಮಗ ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ. ಹಗಲೆಲ್ಲ ಕೆಟ್ಟ ಇಂಜಿನ್ನುಗಳ ಜೊತೆ ಗುದ್ದಾಡಿ ಬಂದವನು, ಹೇಗಾದರೂ ಗಾಡಿ ಮುಂದೆ ಹೋದರೆ ಸಾಕೆಂದು ಒಂದು ದಾರಿ ಹುಡುಕಿದ. ಆ ದಾರಿ ಹುಡುಕದೆ ಇದ್ದಿದ್ದರೇ ಚೆನ್ನಾಗಿತ್ತು.

"ಒಂದು ಕೆಲಸ ಮಾಡು. ಅಮ್ಮನ ಸಮಾಧಾನಕ್ಕೆ ಮೊದಲು ನೀನೊಂದು ಗುಟುಕು ಕುಡಿದು ಕೊಡು. ಮುಗೀತಲ್ಲ."

ಸೊಸೆ ಗಂಡನನ್ನು ನೋಡಿದ ನೋಟ ಸ್ವಲ್ಪ ಉದ್ದವಾಯಿತು. ಅವನು ತಟ್ಟೆಯ ಕಡೆ ತಿರುಗಿದ. ಅವಳು ಒಂದು ಗುಟುಕು ಕುಡಿದಳು.

"ಬಾಯಿ ತೆಗಿ," ಎಂದಳು ಬೀಗದಮ್ಮ. "ನುಂಗಿದೀಯೋ, ಕೆನ್ನೇಲಿ ಇಟ್ಕೊಂಡಿದೀಯೋ, ನೋಡ್ಬೇಕು."

ಸೊಸೆ ಬಾಯಿ ತೆಗೆದು ತೋರಿಸಿದಳು.

ಅಂದಿನಿಂದ ಅದು ಮನೆಯ ಕಟ್ಟಳೆಯಾಯಿತು. ಹಾಲು ತರುವುದು, ಗುಟುಕು, ಬಾಯಿ ತೆಗೆಯುವುದು, ಲೋಟ ಕೊಡುವುದು. ಚಿನಕುರಳಿ ಒಮ್ಮೆ, "ಅಮ್ಮ, ನಿಂಗೆ ಹಲ್ಲುನೋವಾ?" ಎಂದು ಕೇಳಿತು. ಅವಳು, "ಹೂಂ ಪುಟ್ಟ," ಎಂದಳು.

ತಲೆನೋವು ಹೋಗಲಿಲ್ಲ. ಒಂದು ಗುಟುಕು ಏನು ಮಾಡೀತು ಎಂದುಕೊಂಡು ಬೀಗದಮ್ಮ ಉಳಿದ ಹಾಲನ್ನು ಬಚ್ಚಲಿಗೆ ಸುರಿಯತೊಡಗಿದಳು. ಆಗಲೂ ಹೋಗಲಿಲ್ಲ. ಹಾಗಾದರೆ ಹಾಲಿನಲ್ಲಿ ಇಲ್ಲ, ಉಪ್ಪಿನಲ್ಲಿದೆ. ಉಪ್ಪಿನ ಡಬ್ಬಕ್ಕೆ ಬೀಗ ಬಿತ್ತು. ಆಮೇಲೆ ಅಡಿಗೆಯಲ್ಲಿದೆ ಎನ್ನಿಸಿತು. ತನ್ನದೇ ಒಂದು ಪಾತ್ರೆ, ತನ್ನದೇ ಹಿಟ್ಟು, ತನ್ನದೇ ನೀರಿನ ಹೂಜಿ ಮಾಡಿಕೊಂಡು ಬೆಂಕಿಗೂಡಿನ ಕೆಂಡದಲ್ಲೇ ಬೇಯಿಸಿಕೊಂಡಳು. ಕೋಣೆಗೆ ಒಳಗಿನಿಂದ ಒಂದು ಬೀಗ, ಹೊರಗೆ ಹೋದರೆ ಹೊರಗಿನಿಂದ ಒಂದು. ತಲೆನೋವು ಇದ್ದ ಹಾಗೇ ಇತ್ತು. ಇಷ್ಟು ಜೋಪಾನ ಮಾಡಿದರೂ ಹಾಕುತ್ತಾಳಲ್ಲ, ಎಂಥ ಚಾಲಾಕಿ ಇರಬೇಕು ಎಂದು ಬೀಗದಮ್ಮ ಬೆರಗಾದಳೇ ಹೊರತು, ಹಾಕುತ್ತಿಲ್ಲವೇನೋ ಎಂದು ಒಂದು ದಿನವೂ ಅವಳಿಗೆ ತೋಚಲಿಲ್ಲ.

ಬಚ್ಚಲ ಬಾಯಿಯಲ್ಲಿ ಹಾಲಿನ ಕಲೆ ಕಂಡದ್ದು ಸೊಸೆಗೆ. ಬಗ್ಗಿ ಉಜ್ಜಿ ತೊಳೆದಳು. ಮಲಗುವ ಕೋಣೆಯಲ್ಲಿ ಗಂಡನಿಗೆ ಹೇಳಿದ್ದು ಗೋಡೆಯಾಚೆ ಕೂತ ಅತ್ತೆಗೂ ಕೇಳಿಸಿತು.

"ಪರೀಕ್ಷೆ ಆದ್ರೆ ಇವಳ ಶಾಲೆಗೆ ರಜ. ನಾನು ಇವಳನ್ನ ಕರ್ಕೊಂಡು ನಮ್ಮಮ್ಮನ ಮನೆಗೆ ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ."

"ವಯಸ್ಸಾಗಿದೆ ಅವಳಿಗೆ. ಸ್ವಲ್ಪ ಹೊಟ್ಟೆಗೆ ಹಾಕ್ಕೊ."

"ಹಾಕ್ಕೊಂಡೆ. ದಿನಾ ಒಂದೊಂದು ಗುಟುಕು ಹಾಕ್ಕೊಂಡೆ. ನೀವು ಒಂದಿನ ಆದ್ರೂ 'ಬೇಡ, ಕುಡೀಬೇಡ' ಅಂದ್ರಾ?"

ಮಂಚದ ಕೆಳಗಿಂದ ಚೀಲ ಎಳೆಯುವ ಸದ್ದು ಕೇಳಿತು. ಬೀಗದಮ್ಮ ಗೋಡೆಗೆ ಇನ್ನಷ್ಟು ಒರಗಿದಳು. ಹೋಗಲಿ, ಎಂದುಕೊಂಡಳು. ಆದರೆ ಚಿನಕುರಳಿಯೂ ಹೋಗುತ್ತದಲ್ಲ! ಮಗುವನ್ನು ದೂರ ಮಾಡಲಿಕ್ಕೇ ಇಷ್ಟೆಲ್ಲ ನಾಟಕ ಎಂದು ಅದನ್ನೂ ಸೊಸೆಯ ಲೆಕ್ಕಕ್ಕೆ ಬರೆದಳು.

ಪರೀಕ್ಷೆಯ ಹೊತ್ತಿಗೆ ಚಳಿ ಇನ್ನೂ ಬಿಗಿಯಾಯಿತು. ಕೊನೆಯ ಪರೀಕ್ಷೆಯ ಹಿಂದಿನ ದಿನ ಓದಿಕೊಳ್ಳಲೆಂದು ಶಾಲೆಗೆ ಬಿಡುವು. ಸೊಸೆ ಮಗು ಏಳುವ ಮುಂಚೆ ಅಂಗಡಿಗೆ ಹೋದಳು. ದಾಸ್ತಾನು ಎಣಿಸುವ ದಿನವಂತೆ. ಮಗನಿಗೆ ಹಗಲ ಪಾಳಿ. ಅಜ್ಜಿ ಮೊಮ್ಮಗಳೇ ಮನೆಗೆ.

ಬೀಗದಮ್ಮ ಮೊಮ್ಮಗಳನ್ನು ತನ್ನ ಕೋಣೆಗೆ ಕರೆದುಕೊಂಡಳು. ತನ್ನ ಡಬ್ಬದ ಬ್ರೆಡ್ಡು, ತನ್ನ ಹೂಜಿಯ ನೀರು, ತನ್ನ ಪಾತ್ರೆಯಲ್ಲಿ ಬೇಯಿಸಿದ ಆಲೂಗಡ್ಡೆ. ಸೊಸೆ ಮಧ್ಯಾಹ್ನ ಬಂದು ಪಾತ್ರೆ ಮುಟ್ಟಿಯಾಳೆಂದು ಬಾಗಿಲಿಗೆ ಒಳಗಿನಿಂದ ಬೀಗ.

"ಅಜ್ಜಿ, ನಾವೇನು ಕಳ್ಳರಾ? ಪೊಲೀಸರಾ?"

"ಪೊಲೀಸರು. ಓದು ನೀನು."

ಚಿನಕುರಳಿ ಓದುತ್ತ ಓದುತ್ತ ಬೆಂಕಿಗೂಡಿನ ಮುಂದೆ ಬೆಕ್ಕಿನ ಪಕ್ಕ ಮಲಗಿಬಿಟ್ಟಿತು. ಕಲ್ಲಿದ್ದಲಿನ ಮೇಲೆ ಬೂದಿ ಮುಚ್ಚಿತ್ತು. ಒಂದು ಕಿಡಿಯೂ ಕಾಣುತ್ತಿರಲಿಲ್ಲ. ಮಗುವಿಗೆ ಚಳಿಯಾದೀತು ಎಂದು ಬೀಗದಮ್ಮ ತಗಡನ್ನು ಒಳಗೆ ತಳ್ಳಿದಳು. ಕಂಬಳಿ ಹೊದಿಸಿ, ತಾನೂ ಪಕ್ಕದಲ್ಲಿ ಗೋಡೆಗೊರಗಿದಳು. ಕಣ್ಣೆಳೆಯಿತು.

ಎಚ್ಚರವಾದದ್ದು ನರಳಾಟಕ್ಕೆ. "ಅಜ್ಜಿ... ತಲೆ..."

ಮಗು ಕೂತುಕೊಳ್ಳಲು ಹೋಗಿ ಪಕ್ಕಕ್ಕೆ ಬಿತ್ತು. ಮುಖ ಕೆಂಪು ಕೆಂಪು. ಕಂಬಳಿಯ ಮೇಲೆಯೇ ವಾಂತಿ.

"ಏನು ಕೊಟ್ಳೇ ನಿಂಗೆ ನಿಮ್ಮಮ್ಮ?" ಬೀಗದಮ್ಮನ ಬಾಯಿಗೆ ಮೊದಲು ಬಂದದ್ದು ಅದೇ ಮಾತು. ಆಡಿದ ಮಾತು ಅವಳ ಕಿವಿಗೇ ಬಿತ್ತು. ಏನು ಕೊಟ್ಟಳು? ಮಗು ಏಳುವ ಮುಂಚೆಯೇ ಅವಳು ಹೊರಟುಹೋಗಿದ್ದಳು. ಬ್ರೆಡ್ಡು ಈ ಡಬ್ಬದ್ದು. ನೀರು ಈ ಹೂಜಿಯದ್ದು. ಉಪ್ಪು ಬೀಗದೊಳಗಿನದ್ದು. ಬೆಳಗಿನಿಂದ ಈ ಮಗುವಿನ ಹೊಟ್ಟೆಗೆ ಹೋದದ್ದರಲ್ಲಿ ಸೊಸೆಯ ಕೈ ಸೋಕಿದ್ದು ಒಂದೇ ಒಂದೂ ಇರಲಿಲ್ಲ. ಎಲ್ಲ ಕೊಟ್ಟ ಕೈ ಒಂದೇ, ಅದು ತನ್ನದು.

ಬೆಕ್ಕು ಬಟ್ಟೆಯ ಗಂಟಿನ ಹಾಗೆ ಬಿದ್ದಿತ್ತು. ಅದು ಇಂದು ಹಾಲನ್ನೇ ಕುಡಿದಿರಲಿಲ್ಲ. ಅವಳ ತಲೆಯೂ ಸಿಡಿಯುತ್ತಿತ್ತು. ಮೂವರಿಗೂ ಬಂದದ್ದು ಒಂದೇ; ಮೂವರೂ ಇದ್ದದ್ದು ಒಂದೇ ಕೋಣೆಯಲ್ಲಿ. ಅವಳ ಕಣ್ಣು ಬೆಂಕಿಗೂಡಿನ ಮೇಲೆ, ಒಳಗೆ ತಳ್ಳಿದ್ದ ಹಿಡಿಯ ಮೇಲೆ ನಿಂತಿತು. ಇದಕ್ಕೆ ತಗಡು ಮುಚ್ಚಬಾರದಂತೆ ಅತ್ತೆ. ಅದರ ಗಾಳಿ ಕೆಟ್ಟದ್ದು.

ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಹೋದಳು. ಬೀಗ. ಗೊಂಚಲು ಸೊಂಟದಿಂದ ಬಿಚ್ಚಿ ಬಂತು, ಆದರೆ ಕೀಲಿ ಯಾವುದು? ಹಿಟ್ಟಿನದ್ದು, ಉಪ್ಪಿನದ್ದು, ಪೆಟ್ಟಿಗೆಯದ್ದು, ಸೌದೆ ಗೂಡಿನದ್ದು. ಕಣ್ಣೆದುರು ಎಲ್ಲವೂ ಎರಡೆರಡಾಗಿ ತೇಲುತ್ತಿದ್ದವು. ಒಂದನ್ನು ತೂರಿಸಿದಳು, ತಿರುಗಲಿಲ್ಲ. ಇನ್ನೊಂದು. ಕಾಲು ಕುಸಿಯಿತು. ಮಗು ಹೆಗಲ ಮೇಲೆ ಮಾತಿಲ್ಲದೆ ಬಿದ್ದಿತ್ತು. ಆ ಮಗು ಸುಮ್ಮನಿರುವುದನ್ನು ಅದು ಹುಟ್ಟಿದಾಗಿನಿಂದ ಅವಳು ಕಂಡಿರಲಿಲ್ಲ. "ಏನಾದ್ರೂ ಮಾತಾಡೇ, ಮಾತಾಡೇ ನನ್ನಮ್ಮಾ," ಎಂದು ಅಳುತ್ತ ಮೊಣಕಾಲೂರಿ ಕೂತು ಕೀಲಿ ತೂರಿಸುತ್ತಲೇ ಹೋದಳು. ಕೊನೆಗೆ ಯಾವುದೋ ಒಂದು ತಿರುಗಿತು.

ಹಿತ್ತಿಲ ಕಲ್ಲಿನ ಮೇಲೆ, ತಣ್ಣನೆಯ ಗಾಳಿಯಲ್ಲಿ ಕೂತು ಮಗುವಿನ ಬೆನ್ನುಜ್ಜಿದಳು. ಸ್ವಲ್ಪ ಹೊತ್ತಿಗೆ ಮಗು ಮತ್ತೊಮ್ಮೆ ವಾಂತಿ ಮಾಡಿ, ಕೆಮ್ಮಿ, ಜೋರಾಗಿ ಅಳತೊಡಗಿತು. ಆ ಅಳುವಿನಷ್ಟು ಚೆಂದದ ಸದ್ದನ್ನು ಬೀಗದಮ್ಮ ಈ ಜನ್ಮದಲ್ಲಿ ಕೇಳಿರಲಿಲ್ಲ.

ಸೊಸೆ ಮಧ್ಯಾಹ್ನದ ಊಟಕ್ಕೆ ಬಂದವಳು ಹಿತ್ತಿಲ ಬಾಗಿಲಲ್ಲೇ ಬ್ಯಾಗು ಬಿಟ್ಟು ಓಡಿ ಬಂದಳು. ಮಗುವಿನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು, ಮೈ ಮುಟ್ಟಿದಳು. ಎದ್ದು, ಸೆರಗನ್ನು ಮೂಗಿಗೆ ಒತ್ತಿಕೊಂಡು ಕೋಣೆಯೊಳಗೆ ಹೋದಳು. ತಗಡು ಎಳೆದ ಸದ್ದು ಬಂತು. ಆಮೇಲೆ ಕಿಟಕಿಯ ಸಂದಿಯ ಬಟ್ಟೆಗಳನ್ನು ಕಿತ್ತು ಎಸೆದು, ಎರಡೂ ಕದ ತೆರೆದ ಸದ್ದು. ಬೆಕ್ಕನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬಂದಳು.

"ಯಾರು ಮುಚ್ಚಿದ್ದು?"

"ನಾನೇ."

"ಇವತ್ತೊಂದಿನಾನಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂತು. "ದಿನಾ," ಎಂದಳು ಬೀಗದಮ್ಮ.

ಸೊಸೆ ಮಗುವನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಅತ್ತೆಯ ರಟ್ಟೆ ಹಿಡಿದು, ಇಬ್ಬರನ್ನೂ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಮೂಗಿಗೆ ಆಮ್ಲಜನಕದ ಗಾಳಿ ಹಿಡಿದು ಸಂಜೆಯ ತನಕ ಮಲಗಿಸಿಕೊಂಡರು. ಇನ್ನು ಸ್ವಲ್ಪ ಹೊತ್ತು ಒಳಗಿದ್ದಿದ್ದರೆ ಎಂದು ಡಾಕ್ಟರು ಶುರು ಮಾಡಿದ ಮಾತನ್ನು ಮಗುವಿನ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಸಂಜೆ ಮನೆಯಲ್ಲಿ ಎಲ್ಲರೂ ಸೇರಿದರು. ಸುದ್ದಿ ಕೇಳಿ ಮಗಳೂ ಓಡಿ ಬಂದಿದ್ದಳು. ಬಂದವಳು ಸುಮ್ಮನಿರಬೇಕಲ್ಲ.

"ಕಲ್ಲಿದ್ದಲು ತರಿಸಿದ್ದು ಯಾರು ಅಂತ ಮೊದಲು ಕೇಳಿ. ನಮ್ಮಪ್ಪನ ಕಾಲದಲ್ಲಿ ಇಂಥದ್ದು ಆಗಿತ್ತಾ? ಇವಳೇ ಏನೋ..."

"ಸಾಕು ಸುಮ್ನಿರು," ಎಂದಳು ಬೀಗದಮ್ಮ. "ಹಾಲಲ್ಲಿ ಏನೂ ಇರ್ಲಿಲ್ಲ. ಉಪ್ಪಲ್ಲೂ ಇರ್ಲಿಲ್ಲ. ಇವಳು ಮೊದಲನೇ ದಿನವೇ ಹೇಳಿದ್ಳು, ತಗಡು ಮುಚ್ಚಬೇಡಿ ಅಂತ. ಇವಳು ಹೇಳಿದ್ಳು ಅಂತಾನೇ ಮುಚ್ಚಿದೆ. ನನಗೆ ನಾನೇ ಹಾಕ್ಕೊಂಡ ವಿಷ. ಮಗೂಗೂ ಹಾಕಿದೆ."

ಮಗ ಎದ್ದು ಹೋಗಿ ಡಿಪೋದ ಸ್ಪ್ಯಾನರ್ ತಂದು, ಕೊಳವೆಯ ಕತ್ತಿನ ತಗಡನ್ನು ಬೋಲ್ಟು ಸಮೇತ ಬಿಚ್ಚಿ ಹಿತ್ತಿಲಿಗೆ ಎಸೆದ. "ನಾಳೆ ಈ ಕಲ್ಲಿದ್ದಲನ್ನೂ ವಾಪಸು ಕೊಟ್ಟು ಬರ್ತೀನಿ," ಎಂದ.

"ಕಲ್ಲಿದ್ದಲೇ ಇರಲಿ," ಎಂದಳು ಸೊಸೆ. "ತಪ್ಪು ಅದರದ್ದಲ್ಲ." ಗಂಡನ ಮುಖ ನೋಡದೆ ಹೇಳಿದಳು. ಅವಳು ಬಟ್ಟೆ ತುಂಬಿಟ್ಟ ಚೀಲ ಇನ್ನೂ ಮಂಚದ ಪಕ್ಕದಲ್ಲೇ ಇತ್ತು. ಅದರ ಬಗ್ಗೆ ಕೇಳುವ ಧೈರ್ಯ ಅವನಿಗೂ ಇರಲಿಲ್ಲ, ಅವನಮ್ಮನಿಗೂ ಇರಲಿಲ್ಲ.

ಮಗಳು ಹೊರಟುಹೋದಳು. ಊಟವಾಯಿತು. ಬೀಗದಮ್ಮ ಎಲ್ಲರ ಜೊತೆ ಒಂದೇ ಪಾತ್ರೆಯ ಸಾರು ಉಂಡಳು. ಕಿಟಕಿ ಒಂದು ಬೆರಳಷ್ಟು ತೆರೆದಿತ್ತು. ಚಿನಕುರಳಿ ಬೆಕ್ಕಿಗೂ ಆಸ್ಪತ್ರೆಗೆ ಹೋಗಬೇಕಿತ್ತು ಎಂದು ವಾದಿಸುತ್ತಿತ್ತು.

ಸೊಸೆ ಹಾಲು ತಂದಳು.

ತರುತ್ತಾಳೆಂದು ಬೀಗದಮ್ಮ ಎಣಿಸಿರಲಿಲ್ಲ. ಎದ್ದು ಕೂತು ಎರಡೂ ಕೈ ಚಾಚಿದಳು. ಸೊಸೆ ಎದುರಿಗೆ ಬಂದು ನಿಂತು, ಮನಸ್ಸು ಬೇರೆಲ್ಲೋ ಇದ್ದವಳಂತೆ, ಲೋಟವನ್ನು ತನ್ನ ತುಟಿಗಿಟ್ಟು ಒಂದು ಗುಟುಕು ಕುಡಿದಳು. ಆಮೇಲೆ ಬಾಯಿ ತೆಗೆದು ತೋರಿಸಿದಳು.

ಮಗ ಮುಖ ತಿರುಗಿಸಿಕೊಂಡ. ಬಾಯಿ ತೆಗೆದ ಮೇಲೆಯೇ ಸೊಸೆಗೂ ಅರಿವಾದದ್ದು. ತಟ್ಟನೆ ಮುಚ್ಚಿಕೊಂಡು, "ಅಭ್ಯಾಸ ಆಗ್ಬಿಟ್ಟಿದೆ," ಎಂದಳು. ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ಇದ್ದಿದ್ದರೆ ಬೀಗದಮ್ಮ ತಡೆದುಕೊಳ್ಳುತ್ತಿದ್ದಳು.

ತಪ್ಪಾಯಿತು ಎನ್ನಬೇಕೆಂದು ಅವಳು ಆಸ್ಪತ್ರೆಯಿಂದ ಮನೆಯ ತನಕ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಅದನ್ನು ಹೇಳುವ ಬದಲು ಲೋಟ ತೆಗೆದುಕೊಂಡು ಒಂದು ದೊಡ್ಡ ಗುಟುಕು ಕುಡಿದಳು. ಹಾಲು ಬಿಸಿಯಿತ್ತು, ಕಣ್ಣಲ್ಲಿ ನೀರು ಬಂತು. ನುಂಗಿದಳು. ಆಮೇಲೆ, ಬಚ್ಚಲಿಗೆ ಸುರಿದ ಅಷ್ಟೂ ದಿನಗಳ ಹಾಲು ನೆನಪಾಗಿ, ಮುಖವೆತ್ತಿ, ಹಲ್ಲುದುರಿದ ತನ್ನ ಬಾಯನ್ನು ಅಗಲವಾಗಿ ತೆಗೆದು ಸೊಸೆಗೆ ತೋರಿಸಿದಳು.

ಚಿನಕುರಳಿ ಕಿಸಕ್ಕನೆ ನಕ್ಕಿತು. "ಅಜ್ಜಿಗೂ ಹಲ್ಲುನೋವು!"

ಸೊಸೆ ನಗಲಿಲ್ಲ. ಬಗ್ಗಿ, ಅಂಗಡಿಯಲ್ಲಿ ಚೀಟಿ ಓದುವಷ್ಟು ಗಮನವಿಟ್ಟು, ಅತ್ತೆಯ ಬಾಯೊಳಗೆ ನೋಡಿದಳು.

"ಇನ್ನೂ ಅರ್ಧ ಇದೆ," ಎಂದಳು. "ಪೂರ್ತಿ ಕುಡೀರಿ."

ಲೋಟ ಖಾಲಿಯಾಗುವ ತನಕ ಅಲ್ಲೇ ನಿಂತಿದ್ದಳು.